ಬೀಗದ ಕೈ ನಮ್ಮದು, ಹೆಸರು ಅವರದು

ಕೆಲಸಕ್ಕೆ ಜಾತಿ ಇದೆ ಅನ್ನುವುದು ಹಳೆಯ ಮಾತು. ಕಂಪ್ಯೂಟರಿಗೆ ಜಾತಿ ಇಲ್ಲ ಅನ್ನುವುದು ಹೊಸ ಮಾತು. ಈ ಹೊಸ ಮಾತು ಆಡುವವರ ಕೊಠಡಿಗೆ ದಿನಾ ಬೆಳಿಗ್ಗೆ ಎಂಟೂವರೆಗೆ ಬೀಗ ತೆಗೆಯುವವರು ನಾವು. ಹಳೆಯ ಮಾತು ಆ ಕೊಠಡಿಯ ಯಾವ ಮೂಲೆಯಲ್ಲಿ ಕೂತಿದೆ ಅಂತ ಕಸಬರಿಕೆ ಹಿಡಿದವರಿಗೆ ಗೊತ್ತಿರುತ್ತದೆ. ಅದನ್ನೇ ಬರೆಯುತ್ತಿದ್ದೇವೆ.

ನಾವು ಐದು ಜನ. ಕರ್ನಾಟಕದ ಒಂದು ವಿಶ್ವವಿದ್ಯಾಲಯದ ಡಿಜಿಟಲ್ ಕಲೆಗಳ ವಿಭಾಗದಲ್ಲಿ ಗುತ್ತಿಗೆ ಮೇಲೆ ಇದ್ದೇವೆ. ನೆಲ ಒರೆಸುವ ಅಕ್ಕ, ರಾತ್ರಿ ಕಾವಲಿನ ಅಣ್ಣ, ಕರೆಂಟಿನ ಕೆಲಸದ ಅಣ್ಣ, ಫೈಲು ಹೊರುವ ಅಟೆಂಡರ್ ತಮ್ಮ, ಲ್ಯಾಬ್ ನೋಡಿಕೊಳ್ಳುವ ಇನ್ನೊಬ್ಬರು. ಕರೆಂಟಿನ ಅಣ್ಣ ಕುಂಬಾರರವರು, ಮಿಕ್ಕ ನಾಲ್ವರೂ ಹಟ್ಟಿಯವರು. ನಮ್ಮಲ್ಲಿ ಒಬ್ಬರಿಗೆ ಮಾತ್ರ ಪದವಿ ಇದೆ. ಅವರ ವಂಶದಲ್ಲಿ ಅದೇ ಮೊದಲನೆಯದು. ಪದ್ಯ ಬರೆಯುವ ಗೀಳೂ ಇದೆ. ಬರೆಯುತ್ತಿರುವ ಕೈ ಅವರದು, ಮಾತು ಐವರದು. ಅದಕ್ಕೇ 'ನಾವು' ಅನ್ನುತ್ತಿದ್ದೇವೆ.

ಹೆಸರುಗಳ ಬಗ್ಗೆ ಬರೆಯುವ ಈ ಲೇಖನದಲ್ಲಿ ನಮ್ಮ ಐವರ ಒಂದು ಹೆಸರೂ ಇಲ್ಲ. ಹೆದರಿಕೆಯಾ ಅಂತ ಕೇಳಬಹುದು. ಹೌದು ಗೆಳೆಯರೆ, ಹೆದರಿಕೆಯೇ. ಹನ್ನೊಂದು ತಿಂಗಳಿಗೊಮ್ಮೆ ನಮ್ಮ ಗುತ್ತಿಗೆ ಮುಗಿಯುತ್ತದೆ. ಒಂದು ದಿನ ಕೆಲಸದಿಂದ ಬಿಡಿಸಿ, ಮಾರನೇ ದಿನ ಹೊಸಬರು ಅನ್ನುವ ಹಾಗೆ ಮತ್ತೆ ಸೇರಿಸಿಕೊಳ್ಳುತ್ತಾರೆ. ಅಕ್ಕ ಈ ವಿಭಾಗದಲ್ಲಿ ಹೀಗೆ ಒಂಬತ್ತು ಸಲ 'ಹೊಸಬಳು' ಆಗಿದ್ದಾಳೆ.

1

ಡಿಜಿಟಲ್ ಕಲೆ ಅಂದರೆ ಏನು ಅಂತ ಊರಿಗೆ ಹೋದಾಗ ಮೇಷ್ಟ್ರುಗಳು ಕೇಳುತ್ತಾರೆ. ಕುಂಚದ ಬದಲು ಕಂಪ್ಯೂಟರಿನ ಪೆನ್ನು, ಜೇಡಿಮಣ್ಣಿನ ಬದಲು ಪರದೆಯ ಮೇಲಿನ ಗೊಂಬೆ. ಆ ಗೊಂಬೆಯನ್ನು ಕುಣಿಸುವುದು, ಅದಕ್ಕೆ ಬೆಳಕು ಬಿಡುವುದು, ಸಿನಿಮಾ ಮಾಡುವುದು, ಆಟ ಮಾಡುವುದು. ಹುಡುಗರು ಚೆನ್ನಾಗೇ ಕಲಿಯುತ್ತಾರೆ. ಅವರ ಮೇಲೆ ನಮಗೆ ಸಿಟ್ಟಿಲ್ಲ.

ಆದರೆ ಈ ಕಲೆಯ ಲೆಕ್ಕ ಒಂಚೂರು ಕೇಳಿ. ಪರದೆ ಮೇಲೆ ಗೊಂಬೆ ಒಂದು ಸೆಕೆಂಡು ನಡೆದಾಡಲು 24 ಚಿತ್ರ ಬೇಕು. ಮೂರು ನಿಮಿಷದ ಸಿನಿಮಾಕ್ಕೆ 4,320 ಚಿತ್ರ. ನೆರಳು ಬೆಳಕು ಎಲ್ಲ ಲೆಕ್ಕ ಹಾಕಿ ಒಂದೊಂದು ಚಿತ್ರವನ್ನೂ ಯಂತ್ರ ಬೇಯಿಸಿ ತೆಗೆಯಬೇಕು. ಇದಕ್ಕೆ ರೆಂಡರ್ ಅನ್ನುತ್ತಾರೆ. ಒಂದು ಚಿತ್ರ ಬೇಯಲು ಹತ್ತು ನಿಮಿಷ ಅಂತ ಹಿಡಿದರೂ ಒಂದೇ ಯಂತ್ರಕ್ಕೆ ಬಿಟ್ಟರೆ 30 ದಿನ ಆಗುತ್ತದೆ. 40 ಯಂತ್ರಗಳಿಗೆ ಹಂಚಿದರೆ 18 ಗಂಟೆ. ಇದು ಒಂದು ಹುಡುಗನ ಒಂದು ಸಿನಿಮಾದ ಲೆಕ್ಕ. ಪರೀಕ್ಷೆ ತಿಂಗಳಲ್ಲಿ ಇಂಥವು ಮೂವತ್ತು ಸಿನಿಮಾ ಸಾಲು ಹಚ್ಚಿ ನಿಲ್ಲುತ್ತವೆ.

ಈ 18 ಗಂಟೆ ಹುಡುಗರು ಹಾಸ್ಟೆಲಿನಲ್ಲಿ ಮಲಗಿರುತ್ತಾರೆ. ಮೇಷ್ಟ್ರುಗಳು ಮನೆಯಲ್ಲಿರುತ್ತಾರೆ. ಯಂತ್ರದ ಜೊತೆ ಎದ್ದಿರುವವರು ಕಾವಲಿನ ಅಣ್ಣ, ಕರೆಂಟಿನ ಅಣ್ಣ. ಕರೆಂಟು ಹೋದರೆ ಯು.ಪಿ.ಎಸ್. ಹದಿನೈದು ನಿಮಿಷ ಹಿಡಿಯುತ್ತದೆ. ಅಷ್ಟರೊಳಗೆ ಕತ್ತಲಲ್ಲಿ ಓಡಿ ಜನರೇಟರು ಎಬ್ಬಿಸಬೇಕು, ಡೀಸೆಲ್ಲು ಇದೆಯಾ ನೋಡಿರಬೇಕು. ಬ್ಯಾಟರಿಯ ಬಾಯಿಗೆ ಕಟ್ಟುವ ಬಿಳಿ ಪುಡಿ ತಿಂಗಳಿಗೊಮ್ಮೆ ಒರೆಸಿರಬೇಕು. ಎ.ಸಿ.ಯ ನೀರು ಯಂತ್ರದ ನೆತ್ತಿಗೆ ತೊಟ್ಟಿಕ್ಕದ ಹಾಗೆ ಬಕೆಟ್ಟು ಇಟ್ಟಿರಬೇಕು. ಕೇಬಲ್ಲು ಕಡಿಯುವ ಇಲಿಗೆ ಬೋನು ಹೂಡಿರಬೇಕು. ಅಕ್ಕ ದಿನಾ ಒರೆಸುವ ಧೂಳು ಒಂದು ವಾರ ಹಾಗೇ ಬಿಟ್ಟರೆ ಫ್ಯಾನು ಕಟ್ಟಿಕೊಂಡು ಯಂತ್ರ ಕಾದು ತಾನೇ ಆರಿಹೋಗುತ್ತದೆ.

ಕಾವಲಿನ ಅಣ್ಣ ಓದಿದ್ದು ಏಳನೇ ಕ್ಲಾಸು. "ಕೆಂಪು ಅಕ್ಷರ ಬಂದ್ರೆ ಫೋನ್ ಮಾಡು" ಅಂತ ಅವರಿಗೆ ಹೇಳಿದ್ದರು. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಎತ್ತುವವರು ಯಾರು? ಅಣ್ಣ ನೋಡಿ ನೋಡಿ ತಾವೇ ಕಲಿತರು. ಎಷ್ಟನೇ ಚಿತ್ರಕ್ಕೆ ನಿಂತಿದೆ ಅಂತ ನೋಡುವುದು, ಆ ನಂಬರು ಒತ್ತುವುದು, ಅಲ್ಲಿಂದಲೇ ಮತ್ತೆ ಶುರು ಮಾಡುವುದು. ಅವರ ಹತ್ತಿರ ಇನ್ನೂರು ಪುಟದ ಒಂದು ನೋಟುಬುಕ್ಕಿದೆ. ಯಾವ ರಾತ್ರಿ ಯಾವ ಯಂತ್ರ ಎಷ್ಟನೇ ಚಿತ್ರಕ್ಕೆ ನಿಂತಿತು ಅಂತ ಪೂರಾ ಬರೆದಿದ್ದಾರೆ. ಹುಡುಗರ ಹೆಸರೂ ಅದರಲ್ಲಿ ಬರೆದಿದ್ದಾರೆ. ಹುಡುಗರ ಪುಸ್ತಕಗಳಲ್ಲಿ ಅಣ್ಣನ ಹೆಸರಿಲ್ಲ.

ವಿಭಾಗದ ಸ್ಟಾಫ್ ರೂಮಿನಲ್ಲಿ ಪಿಂಗಾಣಿ ಕಪ್ಪುಗಳಿವೆ. ಒಂದೊಂದು ಕಪ್ಪಿನ ಮೇಲೂ ಒಬ್ಬೊಬ್ಬ ಮೇಷ್ಟ್ರ ಹೆಸರು ಅಚ್ಚು ಹಾಕಿಸಿದ್ದಾರೆ, ನಮ್ಮ ಹುಡುಗರೇ ಚಿತ್ರ ಬಿಡಿಸಿಕೊಟ್ಟಿದ್ದು. ನಮಗೆ ಕಾಗದದ ಲೋಟ. ಅಣ್ಣನ ಅಪ್ಪ ಗೌಡರ ಜಗಲಿ ಕೆಳಗೆ ನಿಂತು ತೆಂಗಿನ ಚಿಪ್ಪಿನಲ್ಲಿ ಕುಡಿದವರು. "ಚಿಪ್ಪು ತೊಳ್ದು ಮಡಿಕ್ಕಬೇಕಿತ್ತು, ಇದಾದ್ರೆ ಎಸ್ದುಬುಡಬೌದು ಕಣಪ್ಪ, ಅಷ್ಟು ಸುಧಾರಣೆ ಆಯ್ತು" ಅನ್ನುತ್ತಾರೆ ಅಣ್ಣ. 'ಬುದ್ಧೀ' ಹೋಗಿ 'ಸಾರ್' ಬಂದಿದೆ. ಬಗ್ಗುವ ಬೆನ್ನು ಅದೇ ಇದೆ.

2

ಎರಡು ವರ್ಷದ ಹಿಂದೆ ವಿಭಾಗಕ್ಕೆ ಮೋಷನ್ ಕ್ಯಾಪ್ಚರ್ ಅನ್ನುವ ಯಂತ್ರ ಬಂತು. ಮೈಗೆ ಅಂಟಿದ ಹಾಗಿರುವ ಕರಿ ಬಟ್ಟೆ ಹಾಕಿಸಿ, ಅದರ ಮೇಲೆ ಮಿನುಗುವ ಸಣ್ಣ ಗುಂಡುಗಳನ್ನು ಅಂಟಿಸುತ್ತಾರೆ. ಸುತ್ತ ಇಟ್ಟ ಕ್ಯಾಮೆರಾಗಳಿಗೆ ಮುಖ ಕಾಣುವುದಿಲ್ಲ, ಬಣ್ಣ ಕಾಣುವುದಿಲ್ಲ, ಗುಂಡುಗಳು ಮಾತ್ರ ಕಾಣುತ್ತವೆ. ಮನುಷ್ಯ ಕುಣಿದರೆ ಪರದೆ ಮೇಲೆ ಚುಕ್ಕಿಗಳು ಕುಣಿಯುತ್ತವೆ. ಆ ಚುಕ್ಕಿಗಳಿಗೆ ಯಾವ ಗೊಂಬೆಯ ಮೈಯನ್ನಾದರೂ ತೊಡಿಸಬಹುದು.

ಒಬ್ಬ ವಿದ್ಯಾರ್ಥಿನಿಗೆ ತಮಟೆ ಕುಣಿತ ಬೇಕಿತ್ತು. ಕಾವಲಿನ ಅಣ್ಣನಿಗೆ ತಮಟೆ ಗೊತ್ತು ಅಂತ ಯಾರೋ ಹೇಳಿದರು. ಅಣ್ಣನ ಅಪ್ಪ ಊರ ಹಬ್ಬಕ್ಕೆ ತಮಟೆ ಬಡಿಯುವುದನ್ನು ಬಿಟ್ಟವರು. ದಲಿತ ಸಂಘರ್ಷ ಸಮಿತಿ ಹಳ್ಳಿಗಳಿಗೆ ಬಂದ ಕಾಲದಲ್ಲಿ, ಇನ್ನು ಮೇಲೆ ಊರಿಗೆ ಬಡಿಯಲ್ಲ, ಬಡಿದರೆ ನಮ್ಮ ಮೆರವಣಿಗೆಗೆ ಮಾತ್ರ ಅಂತ ಗೋಡೆಗೆ ನೇತುಹಾಕಿದವರು. ಮೆರವಣಿಗೆಯಲ್ಲೇ ಅಣ್ಣ ಕಲಿತದ್ದು. ಆ ಮನೆಯಲ್ಲಿ ತಮಟೆ ಅಂದರೆ ಹೀಗೆ ಒಂದು ಚರಿತ್ರೆ.

ಅಣ್ಣ ಒಪ್ಪಿದರು. ರಾತ್ರಿ ಪಾಳಿ ಮುಗಿಸಿ, ನಿದ್ದೆಗೆಟ್ಟ ಮೈಯಲ್ಲೇ ಮೂರು ಬೆಳಿಗ್ಗೆ ಕುಣಿದರು. ಹಿಂದೆ ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುವಾಗ ಮಂಡಿಗೆ ಪೆಟ್ಟು ಬಿದ್ದು ಅವರು ಎಡಗಾಲನ್ನು ಒಂಚೂರು ಎಳೆಯುತ್ತಾರೆ. ಆ ಎಳೆತವೂ ಚುಕ್ಕಿಯಲ್ಲಿ ಬಂತು. ಫೈಲಿಗೆ ಹೆಸರು ಕೊಡಬೇಕಲ್ಲ, 'ಫೋಕ್ ಮೇಲ್ 03' ಅಂತ ಕೊಟ್ಟರು.

ವರ್ಷದ ಕೊನೆಗೆ ಪ್ರದರ್ಶನ. ಅತಿಥಿಗಳು ಬಂದರು. ಸಿನಿಮಾ ಮುಗಿದು ಹೆಸರುಗಳು ಉರುಳಿದವು. ನಿರ್ದೇಶಕಿಯ ಹೆಸರು, ಮಾರ್ಗದರ್ಶಕರ ಹೆಸರು, ಮೋಷನ್ ಕ್ಯಾಪ್ಚರ್ ಮೇಲ್ವಿಚಾರಕರ ಹೆಸರು, ಸಾಫ್ಟ್‌ವೇರಿನ ಹೆಸರು, ಕ್ಯಾಮೆರಾ ಕಂಪನಿಯ ಹೆಸರು. ಕೊನೆಗೆ, ಸಹಕರಿಸಿದ ಎಲ್ಲರಿಗೂ ಧನ್ಯವಾದ.

ಅಣ್ಣ ಆ ಹುಡುಗಿಯನ್ನು ಕೇಳಿದರು: "ನಂದು ಎಲ್ ಬತ್ತು ಕಣವ್ವ?"

ಹುಡುಗಿ ತಲೆ ತಗ್ಗಿಸಿದಳು. "ನಾನು ಹಾಕಿದ್ದೆ ಅಂಕಲ್. ಪಟ್ಟಿ ಉದ್ದ ಆಯ್ತು, ಡೇಟಾಕ್ಕೆಲ್ಲ ಕ್ರೆಡಿಟ್ ಕೊಡಲ್ಲ ಅಂತ ಸಾರ್ ತೆಗೆಸಿದ್ರು."

ಕತೆ ಇಲ್ಲಿಗೇ ನಿಲ್ಲಲಿಲ್ಲ. ಮಾರನೇ ವರ್ಷ ಇನ್ನೊಂದು ತಂಡ ಪುರಾಣದ ಆಟ ಒಂದನ್ನು ಮಾಡಿತು. ಅದರಲ್ಲಿ ಒಬ್ಬ ರಾಕ್ಷಸ. ಕಪ್ಪು ಮೈ, ಕೋರೆಹಲ್ಲು, ಕೈಯಲ್ಲಿ ಗದೆ. ಅಟೆಂಡರ್ ತಮ್ಮ ಪರದೆ ನೋಡುತ್ತಾ ನಿಂತವನು ಕೂಗಿದ: "ಅಣ್ಣೋ, ಇವ್ನು ನಿನ್ ಥರನೇ ಕುಂಟ್ತಾನೆ ಕಣಣ್ಣೋ!" ನಾವು ಐವರೂ ನೋಡಿದೆವು. ಎಡಗಾಲು ಒಂಚೂರು ಎಳೆಯುತ್ತಿತ್ತು. ಫೋಕ್ ಮೇಲ್ 03 ರಾಕ್ಷಸನಾಗಿದ್ದ. ಅವನನ್ನು ಕೊಂದವರಿಗೆ ನೂರು ಪಾಯಿಂಟು.

ಯಂತ್ರಕ್ಕೆ ಜಾತಿ ಕಾಣುವುದಿಲ್ಲ ಅನ್ನುವುದು ನಿಜವೇ. ಅದು ಅಣ್ಣನ ಜಾತಿಯನ್ನು ಕಳಚಿತು, ಅದರ ಜೊತೆ ಹೆಸರನ್ನೂ ಕಳಚಿತು. ಹೆಸರು ಹೋದ ಜಾಗಕ್ಕೆ ರಾಕ್ಷಸನ ಮೈ ತೊಡಿಸಿದವರು ಮನುಷ್ಯರು.

3

ಇದು ನಮ್ಮ ಒಂದು ವಿಭಾಗದ ಕತೆ ಅಂತ ಯಾರೂ ತಿಳಿಯಬಾರದು. ಕಲೆಗೆ ಈ ಚಾಳಿ ಹಳೆಯದು.

ಬೇಲೂರಿಗೆ ಹೋಗಿ ನೋಡಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ. ಹೊಯ್ಸಳ ಶಿಲ್ಪಿಗಳು ಕಲ್ಲಿನಲ್ಲಿ ತಮ್ಮ ಹೆಸರು ಕೆತ್ತಿದವರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂತ ಒಂಬೈನೂರು ವರ್ಷದ ಮೇಲೂ ಓದಬಹುದು. ಅದು ದೊಡ್ಡ ಮಾತು, ನಾವು ಹಳಿಯುವುದಿಲ್ಲ. ಆದರೆ ಆ ಬಳಪದ ಕಲ್ಲನ್ನು ನೆಲದಿಂದ ಎಬ್ಬಿಸಿದವರು, ಎಳೆದು ತಂದವರು, ಉಳಿ ಕಾಯಿಸಿಕೊಟ್ಟವರು? 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಕಲ್ಲು ಹೊತ್ತವರ ಹೆಸರಿಗೆ ಆ ಪಟ್ಟಿಯಲ್ಲಿ ಕಲಮೇ ಇಲ್ಲ.

ಮೃದಂಗ ನೋಡಿ. ಹಸುವಿನ, ಎಮ್ಮೆಯ, ಮೇಕೆಯ ಚರ್ಮ ಇಲ್ಲದೆ ಅದು ನುಡಿಯದು. ಆ ಚರ್ಮವನ್ನು ಹದ ಮಾಡಿ ಬಿಗಿದವರ ಬಗ್ಗೆ, ಅವರಲ್ಲಿ ಬಹಳ ಜನ ದಲಿತ ಕ್ರೈಸ್ತರು, ಗಾಯಕ ಟಿ.ಎಂ. ಕೃಷ್ಣ ಅವರು 'ಸೆಬಾಸ್ಟಿಯನ್ ಅಂಡ್ ಸನ್ಸ್' ಅಂತ ಪುಸ್ತಕ ಬರೆಯುವ ಹೊತ್ತಿಗೆ 2020 ಆಗಿತ್ತು. ಆ ಪುಸ್ತಕದ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನು ಚೆನ್ನೈನ ಕಲಾಕ್ಷೇತ್ರ ವಾಪಸು ಪಡೆಯಿತು. ಕಾರ್ಯಕ್ರಮ ಬೇರೆ ಕಡೆ ನಡೆಯಿತು. ಮೃದಂಗ ಬೇಕು, ಚರ್ಮದ ಮಾತು ಬೇಡ.

ಇನ್ನು ಕಂಪ್ಯೂಟರಿನ ಕಲೆ. ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಸೂರಿ ಅನ್ನುವ ಕಲಾ ಅಧ್ಯಾಪಕರು 1967ರಲ್ಲಿ 'ಹಮ್ಮಿಂಗ್‌ಬರ್ಡ್' ಅನ್ನುವ ಚಿತ್ರ ಮಾಡಿದರು. ಕಂಪ್ಯೂಟರಿನಿಂದ ಕುಣಿದ ಮೊದಮೊದಲ ಚಿತ್ರಗಳಲ್ಲಿ ಅದೊಂದು. ಪ್ರೋಗ್ರಾಂ ಬರೆದ ಜೇಮ್ಸ್ ಶಾಫರ್ ಹೆಸರು ಅವರ ಪಕ್ಕದಲ್ಲಿ ಉಳಿದಿದೆ. ಅಂದರೆ ಹೆಸರು ಹಾಕಬೇಕು ಅಂದುಕೊಂಡರೆ ಹಾಕಬಹುದು, ಅದರಿಂದ ಕಲೆ ಚಿಕ್ಕದಾಗುವುದಿಲ್ಲ. ಆ ಕಾಲದ ಕಂಪ್ಯೂಟರು ಕಾರ್ಡಿನ ತೂತುಗಳನ್ನು ಓದುತ್ತಿತ್ತು. ಕಾರ್ಡು ತೂತು ಹೊಡೆಯುವ ಕೆಲಸದಲ್ಲಿ ದೇಶದ ತುಂಬ ಕೂತಿದ್ದವರು ಬಹುಪಾಲು ಹೆಂಗಸರು. ಚರಿತ್ರೆಯ ಪುಸ್ತಕದಲ್ಲಿ ಅವರು ಫೋಟೋಗಳ ಅಂಚಿನಲ್ಲಿ ಬೆನ್ನು ತೋರಿಸಿ ಕೂತಿರುತ್ತಾರೆ.

ಈಗಿನ ಮಾತಿಗೆ ಬನ್ನಿ. ಬಾಯಲ್ಲಿ ಹೇಳಿದರೆ ಚಿತ್ರ ಬಿಡಿಸುವ ಯಂತ್ರ ಬಂದಿದೆ, ನಮ್ಮ ಹುಡುಗರೂ ಬಳಸುತ್ತಾರೆ. ಯಂತ್ರಕ್ಕೆ ಬೆಕ್ಕು ಯಾವುದು, ಬುಟ್ಟಿ ಯಾವುದು ಅಂತ ತಿಳಿಯಲು ಮೊದಲು ಮನುಷ್ಯರು ಹೇಳಿಕೊಡಬೇಕಾಯಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿ 2009ರಲ್ಲಿ ಹೊರಬಂದ ಇಮೇಜ್‌ನೆಟ್ ಅನ್ನುವ ಚಿತ್ರಕೋಶ ಈ ದಾರಿಯ ದೊಡ್ಡ ಮೆಟ್ಟಿಲು. ಬೆಳೆಯುತ್ತಾ ಅದು ಸುಮಾರು 1.4 ಕೋಟಿ ಚಿತ್ರಗಳ ಕೋಶವಾಯಿತು. 167 ದೇಶಗಳ ಸುಮಾರು 50,000 ಜನ ಒಂದೊಂದು ಚಿತ್ರ ನೋಡಿ ಇದು ಇಂಥದ್ದು ಅಂತ ಗುರುತು ಹಾಕಿದರು. ಅಮೆಜಾನ್ ಕಂಪನಿಯ ಮೆಕ್ಯಾನಿಕಲ್ ಟರ್ಕ್ ಅನ್ನುವ ಜಾಲದಲ್ಲಿ, ತುಂಡು ಲೆಕ್ಕದ ಕೂಲಿಗೆ. ಆ ಕೂಲಿಯ ಸಾಲಿನಲ್ಲಿ ನಮ್ಮ ದೇಶದವರು ದೊಡ್ಡ ಸಂಖ್ಯೆಯಲ್ಲಿದ್ದರು. ಚಿತ್ರದೊಳಗಿನ ಪ್ರತಿ ವಸ್ತುವಿಗೂ ಹೆಸರಿಟ್ಟವರು ಅವರು. ಅವರ ಹೆಸರು ಸಂಖ್ಯೆಯಾಗಿ ಹೋಯಿತು.

ಜಾತಿ ಅನ್ನುವುದು ಕೆಲಸವನ್ನು ಹಂಚುವುದಷ್ಟೇ ಅಲ್ಲ, ಕೆಲಸಗಾರರನ್ನೇ ಮೇಲು ಕೀಳಾಗಿ ಒಡೆಯುತ್ತದೆ ಅಂತ ಬಾಬಾಸಾಹೇಬರು 1936ರಲ್ಲೇ ತೋರಿಸಿದ್ದಾರೆ. ಲ್ಯಾಬಿಗೆ ಹೊಸ ಯಂತ್ರ ಬಂದಾಗಲೆಲ್ಲ ನಾವು ಈ ಮಾತನ್ನು ಪರೀಕ್ಷೆ ಮಾಡಿ ನೋಡುತ್ತೇವೆ. ಇದುವರೆಗೂ ಸುಳ್ಳಾಗಿಲ್ಲ. ಅಧ್ಯಾಪಕರ ಹುದ್ದೆಗೆ ರೋಸ್ಟರು, ಮೀಸಲಾತಿ, ಕೋರ್ಟು ಎಲ್ಲ ಬರುತ್ತವೆ. ಗುಡಿಸುವ ಕೆಲಸಕ್ಕೆ ಯಾವ ರೋಸ್ಟರೂ ಬೇಕಾಗಲಿಲ್ಲ. ಇಡೀ ಕ್ಯಾಂಪಸ್ಸಿನಲ್ಲಿ ಅದು ನೂರಕ್ಕೆ ನೂರು ನಮ್ಮವರಿಗೇ ಸಿಕ್ಕಿದೆ. ಯಾರೂ ತಕರಾರು ಎತ್ತಿಲ್ಲ.

4

ನಮ್ಮಂಥವರ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಒಂದು ಸಲ ಇದೆ. ಉಮಾದೇವಿ. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ಮೊಕದ್ದಮೆ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ, ದಿನಗೂಲಿ ಮತ್ತು ಗುತ್ತಿಗೆಯವರಿಗೆ ಕಾಯಂ ಆಗುವ ಹಕ್ಕು ಇಲ್ಲ ಅಂತ ಹೇಳಿತು. ಮಂಜೂರಾದ ಹುದ್ದೆಯಲ್ಲಿ, ಕೋರ್ಟಿನ ತಡೆಯಾಜ್ಞೆ ಇಲ್ಲದೆ ಹತ್ತು ವರ್ಷ ದುಡಿದವರಿಗೆ ಒಂದೇ ಸಲದ ಅವಕಾಶ ಕೊಡಿ ಅಂತಲೂ ಹೇಳಿತು. ಆ ಎರಡನೇ ಮಾತನ್ನು ಆಫೀಸುಗಳು ಮರೆತವು, ಮೊದಲನೆಯದನ್ನು ಬಾಯಿಪಾಠ ಮಾಡಿಕೊಂಡವು. "ಉಮಾದೇವಿ ಕೇಸ್ ಇದೆಯಪ್ಪ, ಆಗಲ್ಲ" ಅಂತ ನಮ್ಮ ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತರೂ ಹೇಳುತ್ತಾರೆ. ಒಬ್ಬ ಕೆಲಸಗಾರ ಹೆಣ್ಣುಮಗಳ ಹೆಸರನ್ನು ಸಾವಿರಾರು ಕೆಲಸಗಾರರ ಮುಖಕ್ಕೆ ಬಾಗಿಲು ಹಾಕಲು ಬಳಸಿದರು.

ಇನ್ನೊಂದು ಹೆಸರೂ ಇದೆ, ಅದನ್ನು ಗುಮಾಸ್ತರು ಹೇಳುವುದಿಲ್ಲ. ಜಗ್ಗೋ. ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ವರ್ಷಗಟ್ಟಲೆ ಗುಡಿಸಿದವರ, ಗಿಡ ನೋಡಿದವರ ಮೊಕದ್ದಮೆ. ಅವರನ್ನು 2018ರಲ್ಲಿ ಕೆಲಸದಿಂದ ತೆಗೆದಿದ್ದರು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು, ಈ ಕೆಲಸ ಕಚೇರಿಗೆ ನಿತ್ಯವೂ ಬೇಕಾದದ್ದು, ಉಮಾದೇವಿ ತೀರ್ಪನ್ನು ಇಂಥವರ ವಿರುದ್ಧ ಆಯುಧ ಮಾಡಿಕೊಳ್ಳಬಾರದು ಅಂತ ಹೇಳಿ, ಅವರನ್ನು ವಾಪಸು ತೆಗೆದುಕೊಂಡು ಕಾಯಂ ಮಾಡಿ ಅಂತ ಆಜ್ಞೆ ಕೊಟ್ಟಿತು. ಮೇಷ್ಟ್ರುಗಳೆ, ನಿಮ್ಮೂರಿನ ಗುತ್ತಿಗೆಯವರಿಗೆ ಈ ಹೆಸರನ್ನೂ ಹೇಳಿ.

ಅಣ್ಣನ ಕುಣಿತಕ್ಕೂ ಒಂದು ಕಾನೂನಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಮಾಡಿದ ತಿದ್ದುಪಡಿ ಪ್ರದರ್ಶಕ ಅಂದರೆ ಯಾರು ಅಂತ ಹೇಳುತ್ತದೆ. ನಟರು, ಹಾಡುವವರು, ಬಾರಿಸುವವರು, ಕುಣಿಯುವವರು. ಆ ಪಟ್ಟಿಯಲ್ಲಿ ಹಾವಾಡಿಗರೂ ಇದ್ದಾರೆ. 2012ರಲ್ಲಿ ಸೇರಿದ 38-ಬಿ ಕಲಮಿನ ಪ್ರಕಾರ, ಈ ಪ್ರದರ್ಶನ ನನ್ನದು ಅಂತ ಗುರುತಿಸಿಕೊಳ್ಳುವುದು ಪ್ರದರ್ಶಕರ ಹಕ್ಕು. ಬಳಸುವ ರೀತಿಯಿಂದಲೇ ಹೆಸರು ಬಿಡಬೇಕಾಗಿ ಬಂದರೆ ಮಾತ್ರ ಬೇರೆ. ಅದೇ ಕಾಯ್ದೆಯಲ್ಲಿ ಒಂದು ಕಂಡಿಯೂ ಇದೆ: ಸಿನಿಮಾದಲ್ಲಿ ಹಾಗೇ ಬಂದುಹೋಗುವವರು, ರೂಢಿಯಲ್ಲಿ ಯಾರೂ ಹೆಸರು ಹಾಕದವರು, ಈ ಲೆಕ್ಕಕ್ಕೆ ಪ್ರದರ್ಶಕರಲ್ಲ. ಆ ಕಂಡಿಯಲ್ಲಿ ತಪ್ಪಿಸಿಕೊಳ್ಳಬೇಕು ಅಂದರೆ ಮೂರು ಬೆಳಿಗ್ಗೆ ಕುಣಿದವನು 'ಹಾಗೇ ಬಂದುಹೋದವನು' ಅಂತ ವಿಭಾಗ ಬರೆದುಕೊಡಬೇಕು. ಬರೆದುಕೊಡಲಿ, ನೋಡೋಣ.

5

ನಾವು ಒಂದು ಅರ್ಜಿ ಬರೆದಿದ್ದೇವೆ. ನಾಲ್ಕು ಮಾತು.

ವಿದ್ಯಾರ್ಥಿಗಳ ಪ್ರತಿ ಸಿನಿಮಾದಲ್ಲಿ, ಪ್ರದರ್ಶನದ ಪ್ರತಿ ಪುಸ್ತಕದಲ್ಲಿ ಆ ವರ್ಷ ಕೆಲಸ ಮಾಡಿದ ಎಲ್ಲರ ಹೆಸರು, ಮಾಡಿದ ಕೆಲಸದ ಸಮೇತ ಬರಬೇಕು. 'ಸಹಕರಿಸಿದ ಎಲ್ಲರಿಗೂ' ಅನ್ನುವ ಸಾಲು ನಮಗೆ ಬೇಡ.

ಯಾರ ಮೈಯ, ಕೈಯ, ದನಿಯ ಡೇಟಾ ತೆಗೆದರೂ ಕನ್ನಡದಲ್ಲಿ ಬರೆದ ಕಾಗದಕ್ಕೆ ಸಹಿ ಆಗಬೇಕು, ಕೂಲಿ ಕೊಡಬೇಕು. ಮತ್ತೆ ಬಳಸುವ ಮೊದಲು ಅವರನ್ನು ಕೇಳಬೇಕು. ಫೈಲಿನ ಮೇಲೆ ಅವರ ಹೆಸರಿರಬೇಕು.

ರಾತ್ರಿ ರೆಂಡರ್ ನೋಡುವುದು ಕಾವಲು ಕೆಲಸ ಅಲ್ಲ, ತಾಂತ್ರಿಕ ಕೆಲಸ. ಅದಕ್ಕೆ ತಕ್ಕ ಸಂಬಳ ಆಗಬೇಕು.

ಹನ್ನೊಂದು ತಿಂಗಳಿಗೊಮ್ಮೆ 'ಹೊಸಬರು' ಮಾಡುವ ಆಟ ನಿಲ್ಲಬೇಕು.

ಅರ್ಜಿಯ ಕೆಳಗೆ ಐವರ ಹೆಸರೂ ಇದೆ. ಅಕ್ಕ ಹಾಜರಿಗೆ ಹೆಬ್ಬೆಟ್ಟು ಒತ್ತುತ್ತಿದ್ದವಳು, ಎರಡು ತಿಂಗಳು ಅಭ್ಯಾಸ ಮಾಡಿ ಇದಕ್ಕೆ ಸಹಿ ಹಾಕಿದಳು. ಆ ಹುಡುಗಿಯೂ, ಅವಳ ಜೊತೆಯ ಹದಿನಾಲ್ಕು ವಿದ್ಯಾರ್ಥಿಗಳೂ ಸಹಿ ಹಾಕಿದ್ದಾರೆ. ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಅರ್ಜಿ ವಿಭಾಗದ ಮೇಜಿನ ಮೇಲಿರುತ್ತದೆ. ಹೊರಗೆ ಹಾಕಿದರೆ ಮುಂದಿನ ಲೇಖನ ನಮ್ಮ ಹೆಸರು ಹಾಕಿಯೇ ಬರೆಯುತ್ತೇವೆ, ಆಗ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ.

ಓದುವ ಗೆಳೆಯರಿಗೆ ಒಂದು ಕೋರಿಕೆ. ನಿಮ್ಮ ಶಾಲೆಯ ಬಿಸಿಯೂಟದ ಅಡುಗೆಯವರ, ಗಂಟೆ ಹೊಡೆಯುವವರ, ಕಕ್ಕಸು ತೊಳೆಯುವವರ ಪೂರ್ತಿ ಹೆಸರು ನಿಮಗೆ ಗೊತ್ತಾ? ವಾರ್ಷಿಕೋತ್ಸವದ ಆಮಂತ್ರಣದಲ್ಲಿ ಶಾಸಕರ ಹೆಸರಿನ ಪಕ್ಕ ಅವನ್ನೂ ಅಚ್ಚು ಹಾಕಿಸಿ. ಸಂಪಾದಕರಿಗೂ ಒಂದು ಮಾತು. ಈ ಪತ್ರಿಕೆಯ ಅಕ್ಷರ ಕೂರಿಸಿದವರು, ಅಚ್ಚು ಮಾಡಿದವರು, ಪಿನ್ನು ಹೊಡೆದು ಕಟ್ಟು ಕಟ್ಟಿದವರು ಯಾರು? ಕೊನೆಯ ಪುಟದಲ್ಲಿ ಜಾಗ ಮಾಡಿ. ಜಾಗ ಸಾಲದಿದ್ದರೆ ನಮ್ಮ ಲೇಖನದಲ್ಲಿ ನಾಲ್ಕು ಸಾಲು ಕತ್ತರಿಸಿಕೊಳ್ಳಿ.